ಕೆಳಗಿನ ಕಂಡಿಯ ಕಾಫಿ

ಫೆಬ್ರವರಿ ೪

ತಮ್ಮಾ,

ಕಾಫಿಪುಡಿಯ ಡಬ್ಬಿಯನ್ನು ಇವತ್ತು ಬೆಳಿಗ್ಗೆ ಅಂಚೆಗೆ ಹಾಕಿದ್ದೇನೆ. ಈ ಸಲ ಅಂಗಡಿಯವನು ಬೀಜವನ್ನು ಸ್ವಲ್ಪ ಹೆಚ್ಚೇ ಹುರಿದಿದ್ದಾನೆ. ಕಹಿ ಅನ್ನಿಸಿದರೆ ಮೂಗು ಮುರಿಯಬೇಡ, ಹಾಲು ಜಾಸ್ತಿ ಹಾಕಿಕೋ. ಮೊನ್ನೆ ನಿನ್ನ ಹವಾಮಾನ ಕೇಂದ್ರಕ್ಕೆ ಎರಡು ಸಲ ಫೋನು ಮಾಡಿದೆ, ಎರಡೂ ಸಲ ಬುಸುಬುಸು ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಗಾಳಿ ಅಳೆಯುವವನಿಗೆ ಫೋನು ಮಾಡಿದರೆ ಗಾಳಿಯೇ ಮಾತಾಡುತ್ತದೆ ಎಂದು ನಿನ್ನ ಭಾವ ನಕ್ಕರು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ವಿಷಯ ಏನೆಂದರೆ, ಚಾರಣ ಬಳಗಕ್ಕೆ ಈ ವರ್ಷ ನಲವತ್ತು ತುಂಬುತ್ತದೆ. ಔಷಧಿ ಅಂಗಡಿಯವರು ಈಗ ಅದರ ಕಾರ್ಯದರ್ಶಿ. ಅವರಿಗೆ ಒಂದು ನೆನಪಿನ ಪುಸ್ತಕ ತರುವ ಹುಚ್ಚು ಹಿಡಿದಿದೆ. ದಾರಿಯಲ್ಲಿ ಸಿಕ್ಕವರ ಕೈಗೆಲ್ಲ ಹಾಳೆ ಕೊಟ್ಟು ಬರೆಯಿರಿ ಬರೆಯಿರಿ ಎಂದು ತಲೆ ತಿನ್ನುತ್ತಿದ್ದಾರೆ. ನಿನ್ನ ಪಾಲಿಗೆ ಬಂದಿರುವ ವಿಷಯ ಬೆಟ್ಟದ ಮೇಲಿನ ಕಾಫಿ. ಬಳಗದಲ್ಲಿ ನಿನ್ನಷ್ಟು ಚೆನ್ನಾಗಿ ಕಾಫಿ ಮಾಡಿದವರು ಇನ್ನೊಬ್ಬರಿಲ್ಲವಂತೆ, ನಿನ್ನನ್ನು ಬಿಟ್ಟು ಬೇರೆ ಯಾರು ಬರೆದರೂ ಅದು ನೀರು ಬೆರೆಸಿದ ಹಾಗಂತೆ. ಇದು ಅವರ ಮಾತು, ನನ್ನದಲ್ಲ. ನಾನಂತೂ ನಿನ್ನ ಬೆಟ್ಟದ ಕಾಫಿ ಕುಡಿದವಳೇ ಅಲ್ಲ. ಏಪ್ರಿಲ್ ಒಳಗೆ ಬರೆದು ಕಳಿಸು. ಮೇ ಕೊನೆಗೆ ಅಚ್ಚಿಗೆ ಹೋಗುತ್ತದೆ.

ನಿನ್ನ ಭಾವನೂ ಒಂದು ಪುಟ ಬರೆದುಕೊಟ್ಟಿದ್ದಾರೆ. ಬಳಗಕ್ಕೆ ಹೊಸದಾಗಿ ಸೇರುವವರಿಗೆ ಬುದ್ಧಿ ಬರಲಿ ಎಂದು ಪುಸ್ತಕದ ಕೊನೆಯಲ್ಲಿ ‘ಕಲಿತ ಪಾಠ’ ಎನ್ನುವ ಪುಟ ಇಡುತ್ತಾರಂತೆ. ಅದರಲ್ಲಿ ಆ ದಿನದ ಕಥೆ. ಮಂಜಿನಲ್ಲಿ, ಬೆಟ್ಟಸಾಲು ದಾಟುವ ಎರಡು ಕಂಡಿಗಳಲ್ಲಿ ಇದು ಯಾವುದು ಎಂದು ತಿಳಿಯದೆ ಮುಂದಾಳು ತಪ್ಪು ಕಂಡಿಯಿಂದ ಇಳಿಸಿದ, ಕೊರಕಲಿನಲ್ಲಿ ಕಲ್ಲು ಉರುಳಿ ಅವನ ಬಲಗೈಯ ಎರಡು ಬೆರಳು ಹೋದವು, ಇದು ಸಂಪೂರ್ಣ ಮುಂದಾಳಿನ ತಪ್ಪು. ಹೀಗೆ ಚುಟುಕಾಗಿ ಬರೆದು, ಆ ಮುಂದಾಳು ತಾವೇ ಎಂದು ಕೆಳಗೆ ಸಹಿ ಹಾಕಿದ್ದಾರೆ. ಎಡಗೈ ಬರಹ ಈಗೀಗ ಚೆನ್ನಾಗಿ ಕೂತಿದೆ.

ಹತ್ತೊಂಬತ್ತು ವರ್ಷದ ಮೇಲೆ ಒಂದು ಸಲವಾದರೂ ಬರವಣಿಗೆಯಲ್ಲಿ ಒಪ್ಪಿಕೊಂಡರಲ್ಲ, ಅಷ್ಟಾದರೂ ಆಯಿತು ಎಂದೆ. ಅವರು ಗೋಡೆ ಗಡಿಯಾರಕ್ಕೆ ಕೀಲಿ ಕೊಡುತ್ತ ಕೂತರು.

ಬೆಚ್ಚಗಿರು. ಸ್ವೆಟರ್ ಮೊಣಕೈ ಹತ್ತಿರ ಹರಿದಿದ್ದರೆ ಕಳಿಸು, ತೇಪೆ ಹಾಕಿಕೊಡುತ್ತೇನೆ.

ನಿನ್ನ ಅಕ್ಕ


ಫೆಬ್ರವರಿ ೨೬

ಅಕ್ಕಾ,

ಡಬ್ಬಿ ತಲುಪಿತು. ಮುಚ್ಚಳ ತೆಗೆದ ಕೂಡಲೇ ಇಡೀ ಕೇಂದ್ರಕ್ಕೆ ಗೊತ್ತಾಯಿತು. ಪಕ್ಕದ ಕೋಣೆಯಲ್ಲಿ ವೈರ್‌ಲೆಸ್‌ ನೋಡಿಕೊಳ್ಳುವವರು ಕೆಲಸ ಬಿಟ್ಟು ಎದ್ದುಬಂದರು.

ಬರೆಯಲು ಕೂತೆ. ಮೊದಲು ನೆನಪಾದದ್ದು ನಿನ್ನ ಕಟ್ಟಪ್ಪಣೆ. ಅಮ್ಮ ಹೋದಾಗ ನನಗೆ ಒಂಬತ್ತು, ನಿನಗೆ ಇಪ್ಪತ್ತೊಂದು. ಅವತ್ತಿನಿಂದ ಮನೆಯಲ್ಲಿ ನಿನ್ನ ಮಾತೇ ಕಾನೂನು. ಮಕ್ಕಳಿಗೆ ಕಾಫಿ ಇಲ್ಲ ಎನ್ನುವುದು ಅದರ ಮೊದಲ ಕಲಂ. ಮೂರು ವರ್ಷದ ಮೇಲೆ ಭಾವ ಮನೆಗೆ ಬಂದರು. ಮುಂದಿನ ಕೋಣೆಯಲ್ಲಿ ಕಿಟಕಿಯ ಈ ಕಡೆ ನಿನ್ನ ಹೊಲಿಗೆ ಯಂತ್ರ, ಆ ಕಡೆ ಅವರ ಕೈಗಡಿಯಾರದ ಮೇಜು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂ ಎತ್ತುವಾಗ ಅವರು ಉಸಿರು ಬಿಡುತ್ತಿರಲಿಲ್ಲ. ನಾನೂ ಬಾಗಿಲಲ್ಲಿ ನಿಂತು ಉಸಿರು ಹಿಡಿಯುತ್ತಿದ್ದೆ. ಒಂದು ಶನಿವಾರ ಅವರು ಅದೇ ಕಣ್ಣಿನಿಂದ ನನ್ನ ಕಡೆ ನೋಡಿ, ನಾಳೆ ಬೆಟ್ಟಕ್ಕೆ ಬರ್ತೀಯೇನೋ ಎಂದರು.

ಆ ಭಾನುವಾರ ಬೆಟ್ಟದ ತುದಿಯಲ್ಲಿ ನನಗೆ ಮೊದಲ ಕಾಫಿ ಸಿಕ್ಕಿತು. ಕೈಯೆಲ್ಲ ಮರಗಟ್ಟಿತ್ತು. ಎರಡು ಬಂಡೆಗಳ ಸಂದಿಯಲ್ಲಿ ಸೀಮೆಎಣ್ಣೆ ಸ್ಟೋವ್ ಇಟ್ಟು, ಗಾಳಿಗೆ ಬೆನ್ನು ಕೊಟ್ಟು ಕೂತು, ಭಾವ ಪಂಪು ಹೊಡೆದರು. ನೀರು ಕುದಿಸಿ, ಪುಡಿ ಹಾಕಿ, ಒಂದು ಹಳೆಯ ಬಟ್ಟೆಯಲ್ಲಿ ಸೋಸಿ, ತಗಡಿನ ಲೋಟಕ್ಕೆ ಅರ್ಧ ಬಗ್ಗಿಸಿ ನನ್ನ ಮುಂದೆ ಹಿಡಿದರು. ಲೋಟ ಕೈ ಸುಟ್ಟಿತು, ಆದರೂ ಬಿಡಲು ಮನಸ್ಸಾಗಲಿಲ್ಲ. ಅಕ್ಕನಿಗೆ ಹೇಳಬೇಡ ಎಂದರು. ಹೇಳಲಿಲ್ಲ. ಹದಿನೆಂಟು ತುಂಬಿದ ದಿನ ನೀನು ಬಹಳ ಗಂಭೀರವಾಗಿ ನನಗೆ ಮೊದಲ ಲೋಟ ಕಾಫಿ ಕೊಟ್ಟೆಯಲ್ಲ, ಅಷ್ಟು ಹೊತ್ತಿಗೆ ನಾನು ಇನ್ನೂರಾದರೂ ಕುಡಿದಿದ್ದೆ. ಈಗ ಕಿವಿ ಹಿಂಡಲು ನಿನ್ನ ಕೈಗೆ ನಾನು ಸಿಕ್ಕುವುದಿಲ್ಲ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಬೆಟ್ಟದಲ್ಲಿ ಕಾಫಿಗೆ ಎಲ್ಲಿಲ್ಲದ ಮರ್ಯಾದೆ. ಬುಡದಲ್ಲಿ ಒಂದು, ಮೇಲೆ ಒಂದು, ಅಷ್ಟೇ. ಅದಕ್ಕೆ ಬೇಕಾದಷ್ಟು ಎಣ್ಣೆಯನ್ನು ಮಾತ್ರ ಭಾವ ಅಳೆದು ತುಂಬುತ್ತಿದ್ದರು, ಹೊರುವ ಭಾರ ಕಡಿಮೆಯಾಗಲಿ ಎಂದು. ಔಷಧಿ ಅಂಗಡಿಯವರು ಸಕ್ಕರೆಯನ್ನು ಮಾತ್ರೆ ಕಟ್ಟುವ ಪೊಟ್ಟಣದಲ್ಲಿ ತರುತ್ತಿದ್ದರು, ಹೊತ್ತಿಗೆ ಒಂದರಂತೆ ತೆಗೆದುಕೊಳ್ಳಿ ಎನ್ನುತ್ತ ಹಂಚುತ್ತಿದ್ದರು. ಎಷ್ಟೇ ಆಯಾಸವಾಗಿದ್ದರೂ ಮೊದಲ ಗುಟುಕಿಗೆ ಮುಂಚೆ ಯಾರೂ ಮಾತಾಡುತ್ತಿರಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ನಾನು ದೊಡ್ಡವನಾದ ಮೇಲೆ ಸ್ಟೋವ್ ನನ್ನ ವಶಕ್ಕೆ ಬಂತು. ಆ ಬಡ್ತಿಯಷ್ಟು ಖುಷಿ ಇಲಾಖೆ ಕೊಟ್ಟ ಯಾವ ಬಡ್ತಿಯೂ ಕೊಟ್ಟಿಲ್ಲ.

ಇನ್ನೊಂದು ಸಂಗತಿ ನಿನಗೆ ಗೊತ್ತಿರಲಾರದು. ಎತ್ತರ ಹೆಚ್ಚಿದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಮುನ್ನೂರು ಮೀಟರು ಏರಿದರೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಭಾವ ಜೇಬಿನಲ್ಲಿ ಒಂದು ಥರ್ಮಾಮೀಟರನ್ನು ಹತ್ತಿಯಲ್ಲಿ ಸುತ್ತಿ ಇಟ್ಟುಕೊಳ್ಳುತ್ತಿದ್ದರು. ಕಾಫಿಗೆ ಇಟ್ಟ ನೀರು ಕೊತಕೊತ ಕುದಿಯಲು ಬಿಟ್ಟು, ನೂರು ಎಣಿಸಿ, ಪಾದರಸ ನಿಂತ ಮೇಲೆ ಓದಬೇಕು. ಅದರಿಂದ ನಾವು ಎಷ್ಟು ಎತ್ತರದಲ್ಲಿದ್ದೇವೆ ಎಂದು ಲೆಕ್ಕ ಹಾಕಬಹುದು. ಪುಡಿ ಹಾಕುವುದು ಆಮೇಲೆ. ಕಾಫಿಯಿಂದಲೇ ದಾರಿ ತಿಳಿಯುವ ಬಳಗ ನಮ್ಮದು ಎಂದು ನಾವು ಜಂಬ ಕೊಚ್ಚಿಕೊಳ್ಳುತ್ತಿದ್ದೆವು.

ಇದನ್ನೆಲ್ಲ ತಿದ್ದಿ ತೀಡಿ ಕಳಿಸುತ್ತೇನೆ. ಅಕ್ಕಾ, ಭಾವ ಬರೆದ ಪುಟ ಅಚ್ಚಾಗಲೇಬೇಕೇ? ಹಬ್ಬದಂಥ ಪುಸ್ತಕದಲ್ಲಿ ಅದು ಬೇಡವಿತ್ತು ಅನ್ನಿಸುತ್ತದೆ.

ಇಲ್ಲಿ ಎರಡು ದಿನದಿಂದ ಮಂಜು.

ತಮ್ಮ


ಮಾರ್ಚ್ ೧೭

ತಮ್ಮಾ,

ಇನ್ನೂರು ಲೋಟ. ಇರಲಿ, ಲೆಕ್ಕ ಇಟ್ಟುಕೊಂಡಿದ್ದೇನೆ.

ಆ ಪುಟ ಯಾಕೆ ಅಚ್ಚಾಗಬಾರದು ಹೇಳು. ನಡೆದದ್ದನ್ನು ನಡೆದ ಹಾಗೆ ಬರೆದಿದ್ದಾರೆ. ನಿನಗೆ ಭಾವನ ಮೇಲೆ ಪ್ರಾಣ, ಅದು ನನಗೆ ಗೊತ್ತು. ಆದರೆ ಅವರ ಜೊತೆ ಬಾಳಿದವಳು ನಾನು. ತೋರುಬೆರಳು, ನಡುಬೆರಳು ಎರಡೂ ಇಲ್ಲದ ಮೇಲೆ ಚಿಮುಟ ಹಿಡಿಯುವುದು ಹೇಗೆ? ಆಸ್ಪತ್ರೆಯಿಂದ ಬಂದ ಮೇಲೆ ಒಂದು ತಿಂಗಳು ಅವರು ದಿನಾ ಆ ಮೇಜಿಗೆ ಕೂತು ಒಂದೇ ಒಂದು ಸ್ಕ್ರೂ ಎತ್ತಲು ನೋಡುತ್ತಿದ್ದರು. ಅದು ಬೀಳುತ್ತಿತ್ತು. ಹುಡುಕುತ್ತಿದ್ದರು. ಮತ್ತೆ ಬೀಳುತ್ತಿತ್ತು. ನಾನು ಯಂತ್ರದ ಮೇಲೆ ತಲೆ ಬಗ್ಗಿಸಿಕೊಂಡು ಹೊಲಿಯುತ್ತಿದ್ದೆ, ಸದ್ದು ಕೇಳದಿರಲಿ ಎಂದು ಬೇಡದಿದ್ದರೂ ತುಳಿಯುತ್ತಿದ್ದೆ. ಒಂದು ದಿನ ಭೂತಗನ್ನಡಿಯನ್ನು ಡಬ್ಬಿಗೆ ಹಾಕಿ ಮುಚ್ಚಿದರು. ಆಮೇಲೆ ಗೋಡೆ ಗಡಿಯಾರ ಮಾತ್ರ. ಈಗ ಗೋಡೆ ಗಡಿಯಾರ ತರುವವರೂ ಅಷ್ಟಕ್ಕಷ್ಟೇ.

ನೋಡಿ ನಡೆಯಬೇಕಿತ್ತು ಎಂದು ನಾನು ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ. ಅಂಗಿಯ ಗುಂಡಿ ಹಾಕಿಕೊಡುವಾಗ ಅಂದಿದ್ದೇನೆ, ಅನ್ನ ಕಲಸುವಾಗ ಚೆಲ್ಲಿದರೆ ಅಂದಿದ್ದೇನೆ, ಯಾರೂ ಏನೂ ಚೆಲ್ಲದಿದ್ದಾಗಲೂ ಅಂದಿದ್ದೇನೆ. ಅವರು ಒಂದು ದಿನವೂ ಎದುರಾಡಿಲ್ಲ. ಎದುರಾಡಿದ್ದರೆ ನನ್ನ ಸಿಟ್ಟು ಎಂದೋ ಇಳಿಯುತ್ತಿತ್ತೋ ಏನೋ. ಬೆಟ್ಟದ ಹೆಸರು ಎತ್ತಿದರೆ ನಾನು ಮನೆ ಬಿಟ್ಟು ಹೋಗುತ್ತೇನೆ ಎಂದಿದ್ದೆ. ಅದಕ್ಕೂ ಹೂಂ ಎಂದರು. ಮತ್ತೆ ಒಂದು ಗುಡ್ಡ ಹತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಮಾತ್ರ ಆ ಹಳೆಯ ಸ್ಟೋವ್ ಎತ್ತಿಕೊಂಡು ತಾರಸಿಗೆ ಹೋಗುತ್ತಾರೆ. ನೀರಿನ ತೊಟ್ಟಿಯ ಮರೆಯಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂತು ಕಾಫಿ ಕಾಯಿಸಿ ಒಬ್ಬರೇ ಕುಡಿದು ಬರುತ್ತಾರೆ. ಅಡುಗೆಮನೆಯಲ್ಲಿ ಗ್ಯಾಸ್ ಇದೆ, ನಾನಿದ್ದೇನೆ. ಆದರೂ ಮೇಲೆ ಹೋಗಬೇಕು. ನಾನು ಅದಕ್ಕೆ ಮಾತ್ರ ಅಡ್ಡ ಬಂದಿಲ್ಲ, ಜೊತೆಗೆ ಹೋದದ್ದೂ ಇಲ್ಲ.

ನಿನ್ನ ಲೇಖನ ಬೇಗ ಕಳಿಸು. ಔಷಧಿ ಅಂಗಡಿಯವರು ದಿನಾ ಹೋಗುತ್ತ ಬರುತ್ತ ಇಣುಕುತ್ತಾರೆ.

ಅಕ್ಕ


ಏಪ್ರಿಲ್ ೬

ಅಕ್ಕಾ,

ಲೇಖನ ಇದರ ಜೊತೆಗಿದೆ. ಕೆಲಸ ಹೆಚ್ಚಿತ್ತು, ತಡವಾಯಿತು. ಕೆಲಸ ಹೆಚ್ಚಿತ್ತು ಎನ್ನುವುದು ಸುಳ್ಳು. ನಿನ್ನ ಕಾಗದವನ್ನು ನಾಲ್ಕೈದು ಸಲ ಓದಿದೆ. ಉತ್ತರ ಬರೆಯಲು ಕೂತು ಎದ್ದುಹೋದೆ.

ಆ ಸ್ಕ್ರೂ ವಿಷಯ ನೀನು ನನಗೆ ಇದುವರೆಗೂ ಹೇಳಿರಲಿಲ್ಲ.

ತಮ್ಮ


ಏಪ್ರಿಲ್ ೨೪

ತಮ್ಮಾ,

ಲೇಖನ ಬಂತು. ಊಟವಾದ ಮೇಲೆ ನಿನ್ನ ಭಾವನಿಗೆ ನಾನೇ ಗಟ್ಟಿಯಾಗಿ ಓದಿದೆ. ಸಕ್ಕರೆ ಪೊಟ್ಟಣದ ಜಾಗ ಬಂದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಿನ್ನ ಮೊದಲ ಕಾಫಿಯ ಜಾಗದಲ್ಲಿ ಕನ್ನಡಕ ತೆಗೆದು ಒರೆಸಿಕೊಂಡರು. ನನಗೂ ಒಂಥರಾ ಆಯಿತು. ಇಷ್ಟೆಲ್ಲ ಸುಖ ನೀವಿಬ್ಬರೂ ನನ್ನ ಬೆನ್ನ ಹಿಂದೆ ಪಡುತ್ತಿದ್ದಿರಿ, ನಾನು ಭಾನುವಾರಗಳೆಲ್ಲ ಅಂಗಿಗಳಿಗೆ ಕಾಜ ಹಾಕುತ್ತ ಮನೆಯಲ್ಲಿದ್ದೆ. ಒಂದು ಸಲವಾದರೂ ಕರೆಯಬಾರದಿತ್ತೇ ಅನ್ನಿಸಿತು. ಕರೆದಿದ್ದರೆ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಪೂರ್ತಿ ಓದಿ ಮುಗಿಸಿದ ಮೇಲೆ ಅವರು, ಇಷ್ಟೇನಾ ಬರೆದಿದ್ದಾನೆ, ಬೇರೆ ಹಾಳೆ ಇಲ್ವಾ ಎಂದು ಕೇಳಿದರು. ಇಲ್ಲ ಎಂದೆ. ಸರಿ ಎಂದು ಎದ್ದು ಹೋದರು. ಇನ್ನೇನು ಬರೆಯಬೇಕಿತ್ತಂತೆ?

ಅಚ್ಚುಮನೆಗೆ ಮೇ ಇಪ್ಪತ್ತೈದಕ್ಕೆ ಕೊಡುತ್ತಾರೆ. ಅವರ ಪುಟ ಹಾಗೆಯೇ ಇರಲಿ ಎಂದು ನಾನೇ ಔಷಧಿ ಅಂಗಡಿಯವರಿಗೆ ಹೇಳಿದ್ದೇನೆ, ನೀನು ಮತ್ತೆ ಅದನ್ನು ಎತ್ತಬೇಡ.

ಅಕ್ಕ


ಮೇ ೭

ಅಕ್ಕಾ,

ಕೂತುಕೊಂಡು ಓದು. ಯಂತ್ರ ನಿಲ್ಲಿಸಿ ಓದು.

ಭಾವ ಕೇಳಿದ ಆ ಬೇರೆ ಹಾಳೆ ಇದು.

ಆ ದಿನ ನಾವು ಮೂವರೇ ಇದ್ದೆವು: ಭಾವ, ಔಷಧಿ ಅಂಗಡಿಯವರು, ನಾನು. ಶಿಖರಸಾಲಿನಲ್ಲಿ ಎರಡು ಕಂಡಿಗಳಿವೆ. ಮೇಲಿನ ಕಂಡಿಯಿಂದ ಆಚೆ ಇಳಿದರೆ ಕುರಿ ಕಾಯುವವರ ಕಾಲುದಾರಿ, ಮಗುವೂ ಇಳಿಯಬಹುದು. ಕೆಳಗಿನ ಕಂಡಿಯಿಂದ ಇಳಿದರೆ ಸಡಿಲ ಕಲ್ಲಿನ ಕೊರಕಲು. ಎರಡಕ್ಕೂ ನಡುವೆ ಮುನ್ನೂರು ಮೀಟರು ಎತ್ತರದ ವ್ಯತ್ಯಾಸ, ನೋಡಲು ಮಾತ್ರ ಎರಡೂ ಅವಳಿ ಮಕ್ಕಳ ಹಾಗೆ. ನಾವು ಒಂದು ಕಂಡಿಗೆ ಬಂದು ನಿಂತಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹತ್ತು ಹೆಜ್ಜೆಯಾಚೆ ಏನೂ ಕಾಣುತ್ತಿರಲಿಲ್ಲ. ಕಾಫಿಗೆ ನೀರಿಡು, ಎತ್ತರ ನೋಡಿಬಿಡೋಣ ಎಂದು ಭಾವ ಥರ್ಮಾಮೀಟರನ್ನು ನನ್ನ ಕೈಗೆ ಕೊಟ್ಟರು. ಔಷಧಿ ಅಂಗಡಿಯವರು ಆಚೆ ಕೂತು ಕಾಲಿನ ಬೊಕ್ಕೆಗೆ ಪಟ್ಟಿ ಹಾಕಿಕೊಳ್ಳುತ್ತಿದ್ದರು.

ಸ್ಟೋವ್‌ನಲ್ಲಿ ಸಾಕಷ್ಟು ಎಣ್ಣೆ ಇರಲಿಲ್ಲ. ಯಾಕೆಂದರೆ ಬೆಳಿಗ್ಗೆ ಅವರಿಬ್ಬರೂ ಮುಂದಿನ ದಾರಿ ನೋಡಲು ಹೋದಾಗ ನಾನು ಕದ್ದು ಒಂದು ಕಾಫಿ ಮಾಡಿಕೊಂಡು ಕುಡಿದಿದ್ದೆ. ಚಳಿ ಇತ್ತು, ಆಸೆ ಇತ್ತು, ಅಷ್ಟೇ. ಬೇರೆ ಕಾರಣವಿಲ್ಲ. ಈಗ ಪೂರ್ತಿ ಕುದಿಸಿ ನೂರು ಎಣಿಸುತ್ತ ಕೂತರೆ ಉರಿ ಆರಿಹೋಗಿ ಕಾಫಿಯೇ ಆಗುವುದಿಲ್ಲ, ನನ್ನ ಕಳ್ಳತನ ಗೊತ್ತಾಗುತ್ತದೆ. ಮೇಲಿನ ಕಂಡಿಯಾದರೆ ತೊಂಬತ್ತೆರಡು ಚಿಲ್ಲರೆ ಬರಬೇಕು, ಕೆಳಗಿನದಾದರೆ ತೊಂಬತ್ತಮೂರು ಚಿಲ್ಲರೆ. ನೀರಿನ ತಳದಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದ ಹಾಗೇ ನೋಡಿದೆ, ತೊಂಬತ್ತೆರಡು ದಾಟಿತ್ತು. ನಮಗೆ ಬೇಕಾದ ಅಂಕಿಯೇ ಕಂಡಿತು. ತೆಗೆದು, ಮೇಲಿನ ಕಂಡಿ ಎಂದು ಕೂಗಿ, ಪುಡಿ ಸುರಿದುಬಿಟ್ಟೆ.

ಅಕ್ಕಾ, ನಾನು ಹೊರಗೆ ತೆಗೆಯುವಾಗಲೂ ಪಾದರಸ ಏರುತ್ತಿತ್ತು. ಅದು ನನಗೆ ಕಾಣಿಸಿತ್ತು.

ಕಾಫಿ ಕುಡಿದೆವು. ಚೆನ್ನಾಗಿತ್ತು. ನಾನು ಹೇಳಿದ ಅಂಕಿಯನ್ನು ನಂಬಿ ಭಾವ ಇಳಿಯೋಣ ಎಂದರು. ಕೊರಕಲಿನಲ್ಲಿ ಕಲ್ಲು ಕಿತ್ತುಬಂದದ್ದು ನನ್ನ ತಲೆಯ ನೇರಕ್ಕೆ. ಕಲ್ಲಿಗೆ ಸಿಕ್ಕಿದ್ದು ಅವರು ನನ್ನನ್ನು ಪಕ್ಕಕ್ಕೆ ತಳ್ಳಿದ ಕೈ.

ಆಸ್ಪತ್ರೆಯಲ್ಲಿ ನಿನಗೆ ಎಲ್ಲ ಹೇಳಿಬಿಡಬೇಕೆಂದೇ ಬಾಗಿಲಲ್ಲಿ ಕಾಯುತ್ತಿದ್ದೆ. ನೀನು ಓಡಿಬಂದು ಏನಾಯಿತು ಎಂದು ಕೇಳಿದೆ. ನಾನು ಬಾಯಿ ತೆಗೆಯುವ ಮೊದಲೇ ಒಳಗಿನಿಂದ ಭಾವ, ದಾರಿ ತಪ್ಪಿಸಿದ್ದು ನಾನು ಕಣೇ ಎಂದರು. ನನಗೆ ಅಬ್ಬ ಅನ್ನಿಸಿತು. ಆ ಅಬ್ಬವನ್ನು ನಾನು ಇವತ್ತಿನವರೆಗೂ ಮರೆತಿಲ್ಲ. ಆರು ತಿಂಗಳಲ್ಲಿ ಈ ದೂರದ ಕೇಂದ್ರಕ್ಕೆ ವರ್ಗ ಮಾಡಿಸಿಕೊಂಡು ಬಂದೆ. ಬಡ್ತಿಗಾಗಿ ಬಂದೆ ಎಂದು ನೀನು ಎಲ್ಲರಿಗೂ ಹೇಳಿಕೊಂಡೆ. ಇಲ್ಲಿ ದಿನಕ್ಕೆ ಎಂಟು ಸಲ ಥರ್ಮಾಮೀಟರ್ ಓದುತ್ತೇನೆ, ಪ್ರತಿ ಸಲ ಎರಡೆರಡು ಬಾರಿ ನೋಡುತ್ತೇನೆ. ನನ್ನಷ್ಟು ನಿಖರವಾಗಿ ಓದುವವನು ಇಲಾಖೆಯಲ್ಲೇ ಇಲ್ಲವಂತೆ. ಅವರು ಹಾಗೆ ಹೊಗಳಿದಾಗ ನನಗೆ ಎಲ್ಲಾದರೂ ಹೋಗಿ ಅಡಗಿಕೊಳ್ಳೋಣ ಅನ್ನಿಸುತ್ತದೆ.

ಇನ್ನೊಂದು ಇದೆ, ಅದನ್ನೂ ಹೇಳಿಬಿಡುತ್ತೇನೆ. ನಾನು ಕಾಫಿ ಬಿಟ್ಟು ಹತ್ತೊಂಬತ್ತು ವರ್ಷವಾಯಿತು. ನೀನು ಕಳಿಸುವ ಪುಡಿಯೆಲ್ಲ ವೈರ್‌ಲೆಸ್‌ನವರಿಗೆ ಹೋಗುತ್ತದೆ. ಡಬ್ಬಿಯ ಮುಚ್ಚಳ ಮಾತ್ರ ನಾನೇ ತೆಗೆಯುತ್ತೇನೆ.

ಭಾವನ ಪುಟ ಅಚ್ಚಾಗಬಾರದು. ಅದರಲ್ಲಿರುವ ಸಹಿ ನನ್ನದಾಗಬೇಕು. ಔಷಧಿ ಅಂಗಡಿಯವರಿಗೂ ಇದೇ ಅಂಚೆಯಲ್ಲಿ ಬರೆದಿದ್ದೇನೆ. ಇಷ್ಟು ವರ್ಷ ನೀನು ಭಾವನಿಗೆ ಅಂದದ್ದೆಲ್ಲ ನನಗೆ ಅನ್ನಬೇಕಾದ ಮಾತು. ಕ್ಷಮಿಸು ಎಂದು ಕೇಳಲು ಬಾಯಿ ಬರುತ್ತಿಲ್ಲ.

ನಿನ್ನ ತಮ್ಮ


ಜೂನ್ ೧೫

ಅಕ್ಕಾ,

ನಿನ್ನಿಂದ ಕಾಗದವಿಲ್ಲ. ಪುಸ್ತಕ ಸದ್ಯಕ್ಕೆ ನಿಲ್ಲಿಸಿದ್ದೇವೆ ಎಂದು ಔಷಧಿ ಅಂಗಡಿಯವರು ಎರಡು ಸಾಲು ಬರೆದಿದ್ದರು. ನಿನ್ನ ವಿಷಯ ಏನೂ ಬರೆದಿರಲಿಲ್ಲ. ನೀನು ಬರೆಯದಿದ್ದರೂ ಸರಿಯೇ. ಆರೋಗ್ಯವಾಗಿದ್ದೀಯ ಎಂದು ಯಾರ ಕೈಯಲ್ಲಾದರೂ ಒಂದು ಮಾತು ಹೇಳಿಸು, ಸಾಕು.

ತಮ್ಮ


ಜುಲೈ ೨೧

ತಮ್ಮಾ,

ಆರೋಗ್ಯವಾಗಿದ್ದೇನೆ.

ನಿನ್ನ ಕಾಗದವನ್ನು ಯಂತ್ರ ನಿಲ್ಲಿಸಿಯೇ ಓದಿದೆ. ಓದಿ, ಬಟ್ಟೆ ಕತ್ತರಿಸುವ ಹಲಗೆಯ ಕೆಳಗಿಟ್ಟೆ. ನಿನ್ನ ಭಾವನಿಗೆ ಹೇಳಲಿಲ್ಲ. ಆ ವಾರ ಒಬ್ಬ ಗಿರಾಕಿಯ ಅಂಗಿಗೆ ಎರಡೂ ತೋಳು ಎಡಗೈಯದ್ದೇ ಕತ್ತರಿಸಿಬಿಟ್ಟೆ. ಮೂವತ್ತು ವರ್ಷದಲ್ಲಿ ನನಗೆ ಹಾಗೆ ಆದದ್ದಿಲ್ಲ. ನಿನಗೆ ಎಷ್ಟೋ ಕಾಗದ ಬರೆದೆ. ಒಂದರಲ್ಲಿ ನೀನು ನನ್ನ ಪಾಲಿಗೆ ಇಲ್ಲ ಎಂದು ಬರೆದೆ, ಹರಿದೆ. ಇನ್ನೊಂದರಲ್ಲಿ ಆಗ ನಿನಗೆ ಇಪ್ಪತ್ತನಾಲ್ಕು, ಚಿಕ್ಕವನು, ಹೋಗಲಿ ಬಿಡು ಎಂದು ಬರೆದೆ. ಅದನ್ನು ಇನ್ನೂ ಸಣ್ಣ ಚೂರು ಮಾಡಿ ಹರಿದೆ.

ನಿನಗಿಂತ ಹೆಚ್ಚು ನನ್ನ ಮೇಲೆ ನನಗೆ ಹೇಸಿಗೆಯಾಯಿತು. ನೀನು ಒಂದು ಸಲ ಸುಮ್ಮನಿದ್ದೆ. ನಾನು ದಿನಾ ಮಾತಾಡಿದೆ. ಆ ಮನುಷ್ಯ ಊಟಕ್ಕೆ ಕೂತಾಗ, ಅಂಗಿ ಹಾಕಿಕೊಳ್ಳುವಾಗ, ನಾಲ್ಕು ಜನರ ಮುಂದೆ, ನೋಡಿ ನಡೆಯಬೇಕಿತ್ತು, ನೋಡಿ ನಡೆಯಬೇಕಿತ್ತು. ನಿನ್ನ ಭಾರ ನೀನು ಅಂಚೆಗೆ ಹಾಕಿ ಹಗುರಾದೆ. ನಾನು ನನ್ನದನ್ನು ಯಾವ ವಿಳಾಸಕ್ಕೆ ಹಾಕಲಿ ಅಂದುಕೊಂಡೆ.

ಹೋದ ತಿಂಗಳ ಕೊನೆಯ ಭಾನುವಾರ ಅವರು ಸ್ಟೋವ್ ಹಿಡಿದು ತಾರಸಿಗೆ ಹೋದರು. ನಾನು ಹತ್ತು ನಿಮಿಷ ಬಿಟ್ಟು ನಿನ್ನ ಕಾಗದ ತೆಗೆದುಕೊಂಡು ಹತ್ತಿದೆ. ಮಂಡಿ ನೋವಿಗೆ ಆ ಹದಿನೆಂಟು ಮೆಟ್ಟಿಲೇ ನನಗೆ ಬೆಟ್ಟ. ಅವರು ತೊಟ್ಟಿಯ ಮರೆಯಲ್ಲಿ ಕೂತಿದ್ದರು. ನನ್ನನ್ನು ಕಂಡು ಸರಿದು ಜಾಗ ಬಿಟ್ಟರು, ಪಾತ್ರೆಗೆ ಇನ್ನೊಂದು ಲೋಟ ನೀರು ಹಾಕಿದರು. ನಾನು ಕಾಗದ ಕೊಟ್ಟೆ. ಓದಿದರು. ಮಡಚಿ ವಾಪಸ್ಸು ಕೊಟ್ಟರು. ಮುಖದಲ್ಲಿ ಆಶ್ಚರ್ಯ ಎಳ್ಳಷ್ಟೂ ಇರಲಿಲ್ಲ.

ನಿಮಗೆ ಗೊತ್ತಿತ್ತಾ ಎಂದೆ.

“ಅವನು ಬೇಗ ತೆಗೆದದ್ದು ನೋಡಿದ್ದೆ,” ಎಂದರು. “ಇನ್ನೊಂದ್ಸಲ ಇಡೋ ಅನ್ಬೇಕಿತ್ತು. ಅಷ್ಟರಲ್ಲಿ ಪುಡಿ ಬಿತ್ತು, ಘಮ ಅಂತ ಮೂಗಿಗೆ ಬಡೀತು. ನನಗೂ ಕಾಫಿ ಬೇಕಾಗಿತ್ತು ಕಣೇ. ಸುಮ್ಮನಾದೆ. ಮುಂದಾಳು ಅಂತ ಇದ್ದವನು ನಾನು, ತಪ್ಪು ನಂದೂ ಹೌದು. ಸುಳ್ಳೇನೂ ಬರೆದಿಲ್ಲ.”

ನೀರು ಕುದಿಯಿತು. ಅವರು ಆತುರಪಡಲಿಲ್ಲ, ಚೆನ್ನಾಗಿ ಕುದಿಯಲು ಬಿಟ್ಟರು. ನಾನು, ಅದು ಸರಿ, ನನಗ್ಯಾಕೆ ಹೇಳಲಿಲ್ಲ, ಇಷ್ಟು ವರ್ಷ ನನ್ನ ಬಾಯಿಗೆ ಯಾಕೆ ಸಿಕ್ಕಿಕೊಂಡಿರಿ ಎಂದೆ.

“ನನ್ನ ಮೇಲೆ ಸಿಟ್ಟು ಮಾಡ್ಕೊಂಡ್ರೆ ನೀನು ಇದೇ ಮನೇಲಿ ಇರ್ತೀಯ, ಬೈಕೊಂಡಾದ್ರೂ ಇರ್ತೀಯ,” ಎಂದರು. “ಅವನ ಮೇಲೆ ಮಾಡ್ಕೊಂಡಿದ್ರೆ ನಿನಗೆ ತವರು ಅಂತ ಇರ್ತಿರಲಿಲ್ಲ. ನಿನಗಿರೋದು ಅವನೊಬ್ಬನೇ ಅಲ್ವಾ.”

ನಾನು ಅತ್ತೆ. ಅಲ್ಲೇ, ಪಕ್ಕದ ಮನೆಯವರು ಬಟ್ಟೆ ಒಣಹಾಕುತ್ತಿದ್ದರು, ಅವರ ಎದುರಿಗೇ ಅತ್ತೆ. ನನ್ನಿಂದ ತಪ್ಪಾಯಿತು ಎಂದು ಹೇಳಿದೆ. ಮದುವೆಯಾದ ಮೇಲೆ ನಾನು ಆ ಮಾತು ಹೇಳಿದ್ದು ಅದೇ ಮೊದಲು. ಅವರು ಲೋಟ ನನ್ನ ಕೈಗಿಟ್ಟರು. ಆ ಕಾಫಿ ಹೇಗಿತ್ತು ಎಂದು ನಿನಗೆ ಬರೆಯಲು ಬರುವುದಿಲ್ಲ, ಬರೆಯುವವನು ನೀನು. ಸಕ್ಕರೆ ಕಡಿಮೆಯಾಗಿತ್ತು, ಎರಡು ಲೋಟ ಕುಡಿದೆ. ಆಮೇಲಿನ ಭಾನುವಾರಗಳೂ ಹತ್ತಿದ್ದೇನೆ.

ಪುಸ್ತಕ ಆಗಸ್ಟ್ ಕೊನೆಗೆ ಅಚ್ಚಿಗೆ ಹೋಗುತ್ತದೆ. ಅವರು ತಮ್ಮ ಪುಟವನ್ನು ತಿದ್ದಿದ್ದಾರೆ. “ನೀರು ಪೂರ್ತಿ ಕುದಿಯುವ ಮೊದಲೇ ಥರ್ಮಾಮೀಟರ್ ಓದಲಾಯಿತು. ಓದಿದವನಿಗೂ ಅದನ್ನು ನೋಡಿದವನಿಗೂ ಕಾಫಿಯ ಆತುರವಿತ್ತು.” ಕೆಳಗೆ ಇಬ್ಬರ ಸಹಿಗೂ ಜಾಗ ಬಿಟ್ಟಿದ್ದಾರೆ. ಅಂಚೆಯಲ್ಲಿ ಕಳಿಸುತ್ತೇನೆ ಎಂದಾಗ, ಬೇಡ, ಬಂದೇ ಹಾಕಲಿ ಎಂದರು.

ಹಾಗಾಗಿ ರಜೆ ಹಾಕು. ನಿನ್ನನ್ನು ಕ್ಷಮಿಸಿದ್ದೇನೆ ಎಂದು ತಿಳಿದು ಬರಬೇಡ. ಅದು ಇನ್ನೂ ಆಗಿಲ್ಲ, ಆಗುತ್ತದೋ ಇಲ್ಲವೋ ನನಗೇ ಗೊತ್ತಿಲ್ಲ. ಆದರೆ ನಿನಗೆ ಸೇರಬೇಕಾದ ಬೈಗುಳವನ್ನು ಆ ಮನುಷ್ಯ ಹತ್ತೊಂಬತ್ತು ವರ್ಷ ಒಬ್ಬರೇ ತಿಂದಿದ್ದಾರೆ. ಇನ್ನು ಸಾಕು. ಬಂದು ನನ್ನ ಎದುರಿಗೆ ಕೂತು ನಿನ್ನ ಪಾಲನ್ನು ನೀನೇ ತಿನ್ನು.

ನಿನ್ನ ಅಕ್ಕ